ಬೆನ್ನಿಗೆ ಬೆಂಕಿ

ಆರು ರಾತ್ರಿ ಕಾಯಬೇಕು ಎಂದರು ಅಳಸಿಂಗಾಚಾರ್ಯರು,
ಗಂಜಾಮಿನ ಗರಡಿಯ ಹೊಸ್ತಿಲಾಚೆಯೇ ನಿಂತು.
ಒಳಗೆ ಕೆಮ್ಮಣ್ಣು, ಎಣ್ಣೆ, ಅರಿಸಿನದ ವಾಸನೆ;
ಮಟ್ಟಿಯಲ್ಲಿ ಹೊರಳಿ ನಮ್ಮಿಬ್ಬರ ಮೈಯೆಲ್ಲ ಇಟ್ಟಿಗೆ ಬಣ್ಣ.
ವಸ್ತಾದ್ ಜವರಪ್ಪ ನಮ್ಮ ಕಡೆ ನೋಡದೆಯೇ ಅಂದರು:
"ಕರಕೊಂಡೋಗಿ ಸ್ವಾಮಿ. ದೊಡ್ಡೋನು ಸಿದ್ದಬೋರ, ಹದಿನಾರು.
ಚಿಕ್ಕೋನಿಗೆ ಹಸಿವು ಜಾಸ್ತಿ, ಅಷ್ಟೇ ತೊಂದರೆ."

ಕಥೆ ನಮಗೂ ಗೊತ್ತಿತ್ತು.
ಗಡ್ಡದ ಋಷಿ ಅರಮನೆಗೆ ಬಂದು ಮಕ್ಕಳನ್ನು ಕೇಳಿದ್ದು,
ದೊರೆ ಸಿಂಹಾಸನದಲ್ಲೇ ನಡುಗಿದ್ದು,
ಇನ್ನೂ ಮೀಸೆ ಚಿಗುರಿಲ್ಲ, ಬೇಕಾದರೆ ನಾನೇ ಬರುತ್ತೇನೆಂದು.
ನಮ್ಮಪ್ಪ ನಡುಗಲಿಲ್ಲ.
ಭತ್ತದ ಮಿಲ್ಲಿನಲ್ಲಿ ಹೊಟ್ಟು ತುಂಬುತ್ತಿದ್ದವನು
"ದಿನಕ್ಕೆಷ್ಟು ಕೊಟ್ಟಾರು?" ಎಂದು ಕೇಳಿ, ಕೆಮ್ಮಿ,
ಮತ್ತೆ ಮಂಕರಿ ಎತ್ತಿಕೊಂಡ.

ಹೊಳೆಯ ದಂಡೆಯಲ್ಲಿ ತೆಂಗಿನಗರಿಯ ಯಾಗಶಾಲೆ.
ಸುತ್ತ ಸುಣ್ಣದ ಗೆರೆ.
ಗೆರೆಯೊಳಗೆ ಮಂತ್ರ, ತುಪ್ಪ, ಅತ್ತಿಯ ಸಮಿತ್ತು,
ಗೆರೆಯಾಚೆ ನಾವು, ಎರಡು ಬಿದಿರ ದೊಣ್ಣೆ.
"ಒಳಗೆ ಕಾಲಿಡಬೇಡಿ. ರೆಪ್ಪೆ ಹಚ್ಚಬೇಡಿ.
ಮೂಳೆ, ಮಾಂಸ, ನೆತ್ತರು, ಒಂದು ಹನಿ ಬಿದ್ದರೂ
ಆರು ದಿನದ್ದೂ ನೀರಪಾಲು."
ಅಷ್ಟು ಹೇಳಿ ಆಚಾರ್ಯರು ಮೌನಕ್ಕೆ ಕೂತರು.

ಕಾವಲಿನವನು ಯಾಗ ನೋಡುವುದಿಲ್ಲ.
ಕಥೆ ಹೇಳುವವರು ಯಾರೂ ಇದನ್ನು ಹೇಳಿರಲಿಲ್ಲ.
ಬೆಂಕಿ ಬೆನ್ನಿಗೆ, ಕತ್ತಲು ಮುಖಕ್ಕೆ.
ಬೆನ್ನು ಬೆವರುತ್ತದೆ, ಮೂಗಿನ ತುದಿ ಮಾತ್ರ ತಣ್ಣಗೆ.
ನಮ್ಮ ನೆರಳುಗಳೇ ನಮಗಿಂತ ಮೊದಲು ಹೊಳೆಗಿಳಿದು
ನೀರಿನ ಮೇಲೆ ರಕ್ಕಸರ ಹಾಗೆ ಕುಣಿಯುತ್ತಿದ್ದವು.

ಮೂರನೆಯ ರಾತ್ರಿ ಒಂದು ಬಾವಲಿ.
ನಾಲ್ಕನೆಯದರಲ್ಲಿ ಕುಡಿದ ಅಂಬಿಗನೊಬ್ಬ
ತನ್ನ ಹರಿಗೋಲನ್ನೇ ಬೈಯುತ್ತ ಹಾದುಹೋದ.
ಐದನೆಯದು ನನಗೆ ನೆನಪಿಲ್ಲ.
ನಿಂತಲ್ಲೇ ನಿದ್ದೆಹೋಗಿದ್ದೆನಂತೆ,
ಎರಡು ದಿಕ್ಕನ್ನೂ ಅಣ್ಣನೇ ಕಾದನಂತೆ.

ಆರನೆಯದರ ಮೂರನೇ ಜಾವ ಅವಳು ಬಂದಳು.
ಕಂದು ನಾಯಿ. ಹರಿದ ಕಿವಿ, ಜೋತ ಮೊಲೆ,
ಬಾಯಲ್ಲಿ ಸಂತೆಬೀದಿಯ ಕುರಿಮೂಳೆ,
ಅದರ ತುದಿ ಇನ್ನೂ ಹಸಿ ಕೆಂಪು.
ಧನುರ್ಮಾಸದ ಚಳಿ; ಕಾವು ಹುಡುಕಿ ಬಂದವಳಿಗೆ
ಸುಣ್ಣದ ಗೆರೆ ಕಾಣುವುದೆಲ್ಲಿ?

ದೊಣ್ಣೆ ಎತ್ತಿದೆ. ಗುರಿ ತಪ್ಪುವ ದೂರವಲ್ಲ.
ಆ ಕಥೆಯಲ್ಲೂ ಮೊದಲ ಬಾಣಕ್ಕೆ ಸಿಕ್ಕವಳು ಹೆಣ್ಣೇ.
ಹುಡುಗ ತಡೆದನಂತೆ, ಋಷಿ ಹೊಡೆ ಎಂದನಂತೆ,
ಹುಡುಗ ಹೊಡೆದನಂತೆ.
ನಮ್ಮ ಋಷಿಗೋ ಮೌನವ್ರತ.
ಅಣ್ಣ ನನ್ನ ಮಣಿಕಟ್ಟು ಹಿಡಿದ, ಗರಡಿಯ ಹಿಡಿತವೇ ಅದು,
ಮಿಸುಕಲು ಬರುವುದಿಲ್ಲ.
"ತಡಿಯೋ," ಎಂದ. "ಮರಿಗಳ್ನ ಎಲ್ಲಿಟ್ಟವಳೋ."

ಟವೆಲಿನ ಗಂಟಿನಿಂದ ಮುದ್ದೆ ತೆಗೆದ,
ಬೆಳಗಿನ ಜಾವ ನಾನು ಅಳುತ್ತೇನೆಂದು
ನನಗಾಗಿ ಎತ್ತಿಟ್ಟ ಅರ್ಧ ಮುದ್ದೆ.
ಗೆರೆಯಿಂದ ದೂರಕ್ಕೆ, ಹೊಂಗೆಮರದ ಬುಡಕ್ಕೆ ಎಸೆದ.
ಮುದ್ದೆಗಾಗಿ ಅವಳು ಮೂಳೆ ಬಿಟ್ಟಳು,
ಗೆರೆಗೂ ಮೂಳೆಗೂ ನಡುವೆ ನಾಲ್ಕು ಬೆರಳು.
ಅಣ್ಣ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ
ನಡುಹೊಳೆಗೆ ಬೀಸಿದ. ಹೊಳೆ ಏನೂ ಕೇಳಲಿಲ್ಲ.
ಹಿಂದೆ, ತುಪ್ಪ ಹುಯ್ಯುವ ಸದ್ದು
ಒಂದು ಉಸಿರಿನಷ್ಟು ನಿಂತಂತಿತ್ತು.
ತಿರುಗಿ ನೋಡಬಾರದು. ನೋಡಲಿಲ್ಲ.

ಪೂರ್ಣಾಹುತಿಯ ಹೊತ್ತಿಗೆ ಬಿಸಿಲು ಬಂತು.
ದಾನ ಕೊಟ್ಟವರ ಹೆಸರು, ಗೋತ್ರ, ನಕ್ಷತ್ರ ಓದಿದರು,
ಹಾಲಿನವನ ಹೆಸರೂ ಇತ್ತು.
ನಾವು ಮಂಡಿಗೆ ಗಲ್ಲ ಕೊಟ್ಟು ತೂಕಡಿಸುತ್ತಿದ್ದೆವು.
ಆಚಾರ್ಯರು ಬಂದರು, ಆರು ದಿನದ ಗಡ್ಡ,
ಹೊಗೆಗೆ ಕೆಂಪಾದ ಕಣ್ಣು.
ಬಗ್ಗಿ, ಸುಣ್ಣದ ಗೆರೆಯ ಮೇಲೆಯೇ
ಸಿಹಿಪೊಂಗಲಿನ ಎಲೆಗಳನ್ನಿಟ್ಟು
ಮಾತಿಲ್ಲದೆ ಹೋದರು.

ಎಣಿಸಿದೆ. ಮೂರಿದ್ದವು.
ಚಿಕ್ಕೋನಿಗೆ ಹಸಿವು ಜಾಸ್ತಿ ಎಂದಿದ್ದರಲ್ಲ ವಸ್ತಾದರು,
ಅದು ನೆನಪಿರಬೇಕು ಇವರಿಗೆ ಎಂದುಕೊಂಡೆ.
ಅಣ್ಣ ಒಂದೆಲೆ ಎತ್ತಿಕೊಂಡು
ಹೊಂಗೆಮರದ ಕಡೆ ನಡೆದ.